ನೇಟಿವ್ ಆ್ಯಪ್ ಬೇಕೇ, ವೆಬ್ ಆ್ಯಪ್ ಸಾಕೇ?

ಮನೆಯಲ್ಲೇ ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವ ಗೆಳತಿಯೊಬ್ಬರು ಆರ್ಡರ್ ಪಡೆಯಲು ಆ್ಯಪ್ ಮಾಡಿಸಲು ಹೊರಟಾಗ ಕೇಳಿದ ಪ್ರಶ್ನೆ ಇದು. ನೇಟಿವ್ ಆ್ಯಪ್ ಎಂದರೆ ಫೋನ್‌ಗೆ ಇಳಿಸಿಕೊಳ್ಳುವ ಆ್ಯಪ್; ವೆಬ್ ಆ್ಯಪ್ ಎಂದರೆ ಕೊಂಡಿ ಒತ್ತಿದರೆ ಬ್ರೌಸರ್‌ನಲ್ಲೇ ತೆರೆದುಕೊಳ್ಳುವಂಥದ್ದು.

ಮೊದಲು ದುಡ್ಡಿನ ಮಾತು. ನೇಟಿವ್ ಎಂದರೆ ಆಂಡ್ರಾಯ್ಡ್‌ಗೆ ಕಾಟ್ಲಿನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಐಫೋನ್‌ಗೆ ಸ್ವಿಫ್ಟ್ ಎಂಬ ಭಾಷೆಯಲ್ಲಿ, ಒಂದೇ ಕೆಲಸವನ್ನು ಎರಡು ಸಲ ಬರೆಸುವುದು. ಜೊತೆಗೆ ಗೂಗಲ್ ಪ್ಲೇಗೆ ಒಮ್ಮೆ 25 ಡಾಲರ್, ಆಪಲ್‌ಗೆ ಪ್ರತಿ ವರ್ಷ 99 ಡಾಲರ್ ಕಟ್ಟಬೇಕು. ಎರಡೂ ಬಗೆಯ ಫೋನ್‌ಗಳಿಗೆ ಒಟ್ಟಿಗೆ ಆ್ಯಪ್ ಕಟ್ಟುವ ಫ್ಲಟರ್ ಎಂಬ ಸಾಧನ ಬಳಸಿದರೆ ಕೋಡ್ ಒಂದಾಗುತ್ತದೆ, ಶುಲ್ಕ ತಪ್ಪುವುದಿಲ್ಲ. ವೆಬ್ ಆ್ಯಪ್‌ಗೆ ಈ ಶುಲ್ಕಗಳಿಲ್ಲ. ತಪ್ಪು ತಿದ್ದಿದರೆ ಯಾರ ಪರಿಶೀಲನೆಗೂ ಕಾಯಬೇಕಿಲ್ಲ.

ಬಳಸುವವರನ್ನೂ ನೆನೆಯಿರಿ. ನನ್ನ ಅಮ್ಮನ 32 ಜಿಬಿ ಫೋನ್‌ನಲ್ಲಿ ಹೊಸ ಆ್ಯಪ್ ಇಳಿಸಬೇಕಾದರೆ ಮೊಮ್ಮಗಳ ಫೋಟೊಗಳನ್ನು ಅಳಿಸಬೇಕು. ಅಳಿಸು ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಅಂಥ ಗ್ರಾಹಕರಿಗೆ ವಾಟ್ಸ್ಆ್ಯಪ್‌ನಲ್ಲಿ ಒಂದು ಕೊಂಡಿ ಕಳುಹಿಸಿದರೆ ಸಾಕು.

ಆದರೆ ವೆಬ್‌ಗೆ ಮಿತಿಗಳಿವೆ. ಐಫೋನ್‌ನಲ್ಲಿ ವೆಬ್ ಆ್ಯಪ್‌ಗೆ ಸೂಚನೆ (ನೋಟಿಫಿಕೇಶನ್) ಕಳುಹಿಸುವ ಅವಕಾಶ ಸಿಕ್ಕಿದ್ದೇ 2023ರಲ್ಲಿ, ಅದರ ಕಾರ್ಯಾಚರಣ ವ್ಯವಸ್ಥೆ ಐಒಎಸ್ 16.4ರೊಂದಿಗೆ, ಅದೂ ಗ್ರಾಹಕರು ಅದನ್ನು ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಂಡಿದ್ದರೆ ಮಾತ್ರ. ಐಫೋನ್‌ನ ಬ್ರೌಸರ್ ಸಫಾರಿಯಲ್ಲಿ ಬ್ಲೂಟೂತ್ ಮುದ್ರಣ ಯಂತ್ರಕ್ಕೆ ನೇರ ಸಂಪರ್ಕವೂ ಇಲ್ಲ.

ಹಪ್ಪಳದ ಆರ್ಡರ್ ಪಡೆಯಲು ವೆಬ್ ಆ್ಯಪ್ ಧಾರಾಳವಾಯಿತು. ಮುಂದೆ ಸ್ವಂತ ಹುಡುಗರನ್ನಿಟ್ಟು ಮನೆಮನೆಗೆ ತಲುಪಿಸುವುದಾದರೆ, ಫೋನ್ ಜೇಬಿನಲ್ಲಿದ್ದಾಗಲೂ ಅವರ ಜಾಡು ತಿಳಿಯಲು ಅವರಿಗಷ್ಟೇ ನೇಟಿವ್ ಆ್ಯಪ್ ಮಾಡಿಸಿ.