ಆ ಗೋಡೆ ನೀರು ಕುಡಿಯುತ್ತೆ ಅಂತ ಅತ್ತೆ ಹೇಳಿದ್ದರು

ಹಾಲ್‌ಗೆ ಇಂಟೀರಿಯರ್ ಮಾಡಿಸುವ ಯೋಚನೆ ಇದ್ದರೆ, ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿಬಿಡಿ. ನಾವು 3,06,000 ರೂಪಾಯಿ ಕೊಟ್ಟು ಕಲಿತ ಪಾಠ ಇದು. ನಿಮಗೆ ಪುಕ್ಕಟೆ.

ನಮ್ಮದು ಮೈಸೂರಿನ ಕೃಷ್ಣಮೂರ್ತಿಪುರದಲ್ಲಿ ಹಳೇ ಮನೆ. ಮಾವ ಕಟ್ಟಿಸಿದ್ದು. ದಪ್ಪ ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಹೊಳೆಯುವ ರೆಡ್ ಆಕ್ಸೈಡ್ ನೆಲ. ಹಾಲ್‌ನ ಪಡುವಣ ಗೋಡೆಯಲ್ಲಿ ಎರಡು ಗೂಡು. ಒಂದರಲ್ಲಿ ದೀಪ. ಇನ್ನೊಂದರಲ್ಲಿ ಕರೆಂಟ್ ಬಿಲ್ಲು, ಬೀಗದ ಕೈ, ಅತ್ತೆಯ ಕನ್ನಡಕ, ಯಾವ ರಿಮೋಟಿನದೋ ಸತ್ತ ಸೆಲ್ಲು. ಇಷ್ಟು ವರ್ಷ ಇದೇನೂ ನನಗೆ ಕಣ್ಣಿಗೆ ಬಿದ್ದಿರಲಿಲ್ಲ. ತಂಗಿ ವಿಜಯನಗರದಲ್ಲಿ ಫ್ಲಾಟ್ ತಗೊಂಡಳು. ಗೃಹಪ್ರವೇಶದ ಊಟ ಮಾಡಿ ವಾಪಸ್ ಬಂದ ದಿನದಿಂದ ನಮ್ಮ ಹಾಲ್ ನನಗೆ ರೇಷನ್ ಅಂಗಡಿ ತರ ಕಾಣತೊಡಗಿತು. ಹೊಟ್ಟೆಕಿಚ್ಚು ಅಂತಲೇ ಇಟ್ಟುಕೊಳ್ಳಿ.

ಪರಿಚಯದವರ ಕಡೆಯಿಂದ ಒಬ್ಬ ಕಾಂಟ್ರಾಕ್ಟರ್ ಬಂದರು. ದೂರು ಕೊಟ್ಟಿರುವುದರಿಂದ ಹೆಸರು ಹಾಕುತ್ತಿಲ್ಲ. ಟೇಪ್ ಹಿಡಿದು ಅಳತೆ ತೆಗೆದರು, ಫೋಟೋ ಹೊಡೆದುಕೊಂಡರು, ಎರಡೇ ದಿನದಲ್ಲಿ ಮೊಬೈಲಿಗೆ ತ್ರೀಡಿ ಚಿತ್ರ ಕಳಿಸಿದರು. ಅಬ್ಬಾ! ನಮ್ಮ ಹಾಲೇ, ಆದರೆ ಸೋಫಾ ಮೇಲೆ ಬೆಳಗಿನ ಎಳೆ ಬಿಸಿಲು. ಸುಮಾರು ತಿಂಗಳಾದ ಮೇಲೆ ಹೊಳೆಯಿತು, ಆ ಬಿಸಿಲು ಬರುವ ಕಡೆ ನಮಗೆ ಕಿಟಕಿಯೇ ಇಲ್ಲ. ಅಲ್ಲಿರುವುದು ಪಕ್ಕದ ಮನೆಯ ಕಾಂಪೌಂಡು.

ನಿಜ ಹೇಳಬೇಕೆಂದರೆ ನಾನು ಬಿದ್ದದ್ದು ಬಿಸಿಲಿಗಲ್ಲ, ಬೊಂಬೆ ಮೆಟ್ಟಿಲಿಗೆ. ಪ್ರತಿ ದಸರಾಕ್ಕೂ ನಮ್ಮಲ್ಲಿ ಅದೇ ಗೋಳು. ಟ್ರಂಕು ಇಳಿಸು, ಬೆಂಚು ತಾ, ಹಲಗೆ ಜೋಡಿಸು, ಮೇಲೆ ಬಿಳಿ ಪಂಚೆ ಹಾಸು. ಈ ಚಿತ್ರದಲ್ಲಿ ಟಿವಿ ಯೂನಿಟ್‌ನ ಕೆಳಗಿನ ಡ್ರಾಯರ್‌ಗಳನ್ನು ಎಳೆದರೆ ಐದು ಮೆಟ್ಟಿಲು ಆಗುತ್ತಿತ್ತು. ನವರಾತ್ರಿ ಮುಗಿದ ಮೇಲೆ ಒಳಕ್ಕೆ ತಳ್ಳಿದರೆ ಆಯಿತು. ಯಾರಿಗೆ ಆಸೆ ಆಗಲ್ಲ ಹೇಳಿ? ಹಿಂದಿನ ಗೋಡೆಗೆ ಅರ್ಧ ವಾಲ್‌ಪೇಪರ್, ಅರ್ಧ ಪ್ಯಾನೆಲ್. ಗೂಡುಗಳು ಪ್ಯಾನೆಲ್ ಹಿಂದೆ ಹೋಗುತ್ತವೆ. ಒಟ್ಟು 3,40,000 ರೂಪಾಯಿ, 21 ದಿನದಲ್ಲಿ ಕೆಲಸ ಮುಗಿಸುತ್ತೇವೆ ಅಂದರು.

ಅತ್ತೆ ದಿವಾನದ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. "ಆ ಗೋಡೆ ನೀರು ಕುಡಿಯುತ್ತೆ ಕಣಮ್ಮ. ಮಳೆಗಾಲದಲ್ಲಿ ಮುಟ್ಟಿ ನೋಡು. ನಿಮ್ಮ ಮಾವ ಅದಕ್ಕೇ ವರ್ಷ ವರ್ಷ ಅದಕ್ಕೊಂದಕ್ಕೆ ಸುಣ್ಣ ಹೊಡೆಸ್ತಿದ್ದಿದ್ದು" ಅಂದರು.

"ಅದಕ್ಕೇ ಅಲ್ವಾ ಅಜ್ಜಿ ಪ್ಯಾನೆಲ್ ಹಾಕೋದು? ಕಾಣಲ್ಲ ಬಿಡಿ" ಅಂದರು ಕಾಂಟ್ರಾಕ್ಟರ್.

ಕಾಣಲ್ಲ ಅಂದರು. ಒಣಗುತ್ತೆ ಅನ್ನಲಿಲ್ಲ. ಇದರ ವ್ಯತ್ಯಾಸ ಆವತ್ತು ನನ್ನ ತಲೆಗೆ ಹೋಗಲಿಲ್ಲ.

ಹಳೇ ಗೋಡೆಗಳ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಗ್ರಹಾರ, ಚಾಮುಂಡಿಪುರ, ಲಕ್ಷ್ಮೀಪುರದ ಕಡೆ ಇಂಥ ಮನೆಗಳು ಇನ್ನೂ ಇವೆ. ಇಟ್ಟಿಗೆ ನೆಲದಲ್ಲಿರುವ ತೇವವನ್ನು ಮೇಲಕ್ಕೆ ಎಳೆಯುತ್ತದೆ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ. ಪಾಯದ ಮೇಲೆ ಅದನ್ನು ತಡೆಯುವ ಪದರ ಹಾಕಿರದಿದ್ದರೆ ನೀರು ಗೋಡೆ ಹತ್ತುತ್ತದೆ. ಸುಣ್ಣದ ಗಾರೆ, ಸುಣ್ಣದ ಬಳಿತ ಇದ್ದರೆ ಆ ತೇವ ಹಾಗೇ ಗಾಳಿಗೆ ಆರಿಹೋಗುತ್ತದೆ. ಅದರ ಮೇಲೆ ಪ್ಲಾಸ್ಟಿಕ್ಕಿನಂಥ ವಿನೈಲ್ ವಾಲ್‌ಪೇಪರ್ ಅಂಟಿಸಿದರೆ? ಆರುವುದಕ್ಕೆ ದಾರಿ ಬಂದ್. ಒಳಗೇ ಬೂಷ್ಟು. ವಾಲ್‌ಪೇಪರಿನ ಅಂಟು ಬೂಷ್ಟಿಗೆ ಒಳ್ಳೆಯ ಊಟ ಬೇರೆ. ನಮ್ಮ ಕೇಸಿನಲ್ಲಿ ನಮ್ಮದೂ ತಪ್ಪಿತ್ತು. ಹೊರಗಿನ ಅಂಗಳಕ್ಕೆ ಕೆಲವು ವರ್ಷದ ಹಿಂದೆ ಸಿಮೆಂಟ್ ಹಾಕಿಸುವಾಗ ಎತ್ತರ ಮಾಡಿಬಿಟ್ಟಿದ್ದೆವು. ಮಳೆ ನೀರು ಅದೇ ಗೋಡೆಗೆ ಒರಗಿ ನಿಲ್ಲುತ್ತಿತ್ತು. ಜೊತೆಗೆ ನನ್ನ ಹೂವಿನ ಕುಂಡಗಳ ಸಾಲೂ ಅಲ್ಲೇ.

ಕೊಟೇಶನ್ನಿನಲ್ಲಿ ಬರೆದದ್ದು ಒಂದೇ ಸಾಲು, "ಟಿವಿ ಯೂನಿಟ್, ಪ್ಲೈ ವಿತ್ ಮೈಕಾ". ಯಾವ ಪ್ಲೈ, ಎಷ್ಟು ಎಂ.ಎಂ., ಯಾವ ಮೈಕಾ, ಏನೂ ಇಲ್ಲ. ನಾವೂ ಕೇಳಲಿಲ್ಲ. ಅರ್ಧ, ಅಂದರೆ 1,70,000 ಅಡ್ವಾನ್ಸ್. ಅದರಲ್ಲಿ ಒಂದು ಲಕ್ಷ ನಗದು. "ಬಿಲ್ ಬೇಡ ಅಂದ್ರೆ ಜಿಎಸ್‌ಟಿ 18 ಪರ್ಸೆಂಟ್ ಉಳಿಯುತ್ತೆ ಮೇಡಂ" ಅಂದಿದ್ದರು. ಆ ಆಸೆ ನಮ್ಮದೇ, ಅವರ ಮೇಲೆ ಹಾಕಲ್ಲ. ಆಮೇಲೆ ವರ್ಕ್‌ಶಾಪಿನಲ್ಲಿ ಎಲ್ಲ ರೆಡಿ ಅಂತ ಒಂದು ಫೋಟೋ ಕಳಿಸಿ ಇನ್ನೂ 1,36,000 ತಗೊಂಡರು. 21 ದಿನ ಹೋಗಿ ಎರಡು ತಿಂಗಳಾಯಿತು. ಹೊರಗೆ ಮಳೆ, ಒಳಗೆ ಧೂಳು.

ಕೊನೆಗೂ ಮುಗಿಯಿತು. ಚೆಂದವಿತ್ತು, ಸುಳ್ಳು ಹೇಳಲ್ಲ. ಲೈಟ್ ಒಂದು ಬಿಟ್ಟು. ಚಿತ್ರದಲ್ಲಿ ತೋರಿಸಿದ್ದು ಹಳದಿ ಬೆಳಕು, ಹಾಕಿದ್ದು 6500 ಕೆಲ್ವಿನ್‌ನ ಬಿಳೀ ಎಲ್ಇಡಿ ಪಟ್ಟಿ. ರಾತ್ರಿ ಸ್ವಿಚ್ ಹಾಕಿದರೆ ಮೆಡಿಕಲ್ ಶಾಪ್. ಮನೆಗೆ ಬೆಚ್ಚನೆ ಬೆಳಕು ಬೇಕಿದ್ದರೆ 2700ರಿಂದ 3000 ಅಂತ ಡಬ್ಬದ ಮೇಲೆ ಇರುತ್ತದೆ, ನೋಡಿ ತನ್ನಿ.

ಅತ್ತೆಗೆ ಅಷ್ಟರಲ್ಲೇ ಕೆಮ್ಮು ಶುರುವಾಗಿತ್ತು. ಹವೆ ಸರಿಯಿಲ್ಲ ಅಂದುಕೊಂಡೆವು. ಹಾಲ್‌ನಲ್ಲಿ ಏನೋ ವಾಸನೆ ಅಂತ ಯಜಮಾನರು ಹೇಳಿದಾಗ ನಾನು ರೂಮ್ ಫ್ರೆಶ್‌ನರ್ ಹೊಡೆದೆ. ಮಲ್ಲಿಗೆ.

ನವರಾತ್ರಿಗೆ ಮೆಟ್ಟಿಲು ಎಳೆದು ಪಟ್ಟದ ಬೊಂಬೆ ಕೂರಿಸಿದೆವು. ಕೆಳಗಿನ ಮೆಟ್ಟಿಲಲ್ಲಿ ಶೆಟ್ಟರ ಅಂಗಡಿ. ಆ ಶೆಟ್ಟರು, ಶೆಟ್ಟಮ್ಮ ಅತ್ತೆಗೆ ಅವರ ತಾಯಿ ಕೊಟ್ಟ ಮಣ್ಣಿನ ಬೊಂಬೆಗಳು, ಐವತ್ತು ವರ್ಷದವು. ನಾಲ್ಕನೇ ದಿನ ಸಂಜೆ ಬೀದಿಯ ಮಕ್ಕಳೆಲ್ಲ ಬೊಂಬೆ ಬಾಗಿನಕ್ಕೆ ಬಂದಿದ್ದರು. ನಾನು ಒಳಗೆ ಕೊಬ್ಬರಿ ಮಿಠಾಯಿ ಹಾಕುತ್ತಿದ್ದೆ. ಟಪ್ ಅಂತ ಒಂದು ಸದ್ದು, ಹಿಂದೆಯೇ ದಡದಡ. ಮೂರನೇ ಮೆಟ್ಟಿಲಿನ ಚಾನೆಲ್, ಅಂದರೆ ಡ್ರಾಯರ್ ಜಾರುವ ಪಟ್ಟಿ, ಸ್ಕ್ರೂ ಸಮೇತ ಕಿತ್ತು ಬಂದು ಮೇಲಿನ ಸೈನ್ಯವೆಲ್ಲ ಅಂಗಡಿಯ ಮೇಲೆ. ಎದುರು ಮನೆಯ ಹುಡುಗ ದಿವಾನದ ಕೆಳಗೆ ಬಗ್ಗಿ, "ಆಂಟೀ, ಶೆಟ್ರ ತಲೆ ಇಲ್ಲಿದೆ!" ಅಂದ. ಮಕ್ಕಳು ನಕ್ಕರು. ಅತ್ತೆ ಏನೂ ಮಾತಾಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಾರನೇ ದಿನ ನಮ್ಮ ಬೀದಿಯ ಹಳೇ ಆಚಾರ್ರನ್ನು ಕರೆದೆವು. ಮಾವನ ಕಾಲದ ಬಾಗಿಲು ರಿಪೇರಿ ಮಾಡಿದವರು. ಅವರು ಯೂನಿಟ್ಟಿನ ಒಂದು ಹಿಂಜ್ ಬಿಚ್ಚಿ, ತೂತಿನೊಳಗೆ ಬೆರಳಾಡಿಸಿ ನನ್ನ ಮುಂದೆ ಹಿಡಿದರು. ಬೆರಳ ತುದಿಯಲ್ಲಿ ಪುಡಿ.

"ಇದು ಪ್ಲೈ ಅಲ್ಲಮ್ಮ. ಮರದ ಚೂರಿಗೆ ಅಂಟು ಹಾಕಿ ಒತ್ತಿರೋದು. ಪಾರ್ಟಿಕಲ್ ಬೋರ್ಡು. ತೇವ ಕುಡಿದು ಊದಿಕೊಂಡಿದೆ, ಸ್ಕ್ರೂ ಏನು ಹಿಡ್ಕೊಳುತ್ತೆ?"

ಪ್ಲೈ ಆಗಿದ್ದರೆ ತೂತಿನೊಳಗೆ ಪದರ ಪದರ ಕಾಣಬೇಕಂತೆ. ನಮ್ಮದರಲ್ಲಿ ರವೆ ಉಂಡೆ ಮುರಿದ ಹಾಗಿತ್ತು. ಹೊರಗೆ ಮೈಕಾ, ಅಂಚಿಗೆ ಟೇಪು ಇದ್ದದ್ದರಿಂದ ಗೊತ್ತಾಗಿರಲಿಲ್ಲ. ಪ್ಯಾನೆಲ್ ಕಿತ್ತಾಗ ಹಿಂದಿನ ಗೋಡೆ ಕಪ್ಪಗಾಗಿತ್ತು. ವಾಲ್‌ಪೇಪರ್ ಒದ್ದೆ ರೊಟ್ಟಿಯ ಹಾಗೆ ಸುಲಿದು ಬಂತು. ವಾಸನೆಗೆ ಎಲ್ಲರೂ ಹೊರಗೆ ಓಡಿದೆವು. ಅತ್ತೆ ಅಷ್ಟು ದಿನ ಉಸಿರಾಡಿದ್ದು ಅದನ್ನೇ.

ಪಾರ್ಟಿಕಲ್ ಬೋರ್ಡ್ ಕೆಟ್ಟದ್ದು ಅಂತ ಅಲ್ಲ. ಒಣ ರೂಮಿನಲ್ಲಿ, ಹಗುರ ಸಾಮಾನಿಗೆ, ಅದರದ್ದೇ ಬೆಲೆಗೆ ಕೊಟ್ಟರೆ ಯಾರ ತಕರಾರೂ ಇಲ್ಲ. ಪ್ಲೈ ದುಡ್ಡು ತಗೊಂಡು ಇದನ್ನು ಕೊಟ್ಟದ್ದಕ್ಕೆ ನನ್ನ ಸಿಟ್ಟು.

ಪ್ಲೈ ಹಾಳೆಯ ಮೇಲೆ ಐಎಸ್ಐ ಗುರುತು ಇರುತ್ತದೆ. ಐಎಸ್ 303 ಸಾಮಾನ್ಯ ಬಳಕೆಯ ಪ್ಲೈಗೆ, ಐಎಸ್ 710 ನೀರು ತಡೆಯುವ ಮರೈನ್ ಪ್ಲೈಗೆ. ಸುಮ್ನೆ 710 ಅಂತ ಅಚ್ಚು ಒತ್ತಿದರೆ ಸಾಲದು. ಗುರುತಿನ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಬೇಕು. ಅದನ್ನು ಐಎಸ್ಐ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆಪಿನಲ್ಲಿ ಹಾಕಿದರೆ ಯಾವ ಕಂಪನಿಯ ಲೈಸೆನ್ಸ್, ಚಾಲ್ತಿಯಲ್ಲಿದೆಯಾ ಅಂತ ಬರುತ್ತದೆ. ಆದರೆ ಇದೆಲ್ಲ ಹಾಳೆ ಕಣ್ಣಿಗೆ ಬಿದ್ದರೆ ತಾನೇ? ನಮ್ಮ ಮನೆಗೆ ಹಾಳೆ ಬರಲೇ ಇಲ್ಲ. ಕತ್ತರಿಸಿ, ಅಂಚು ಮುಚ್ಚಿ, ರೆಡಿ ಡಬ್ಬಗಳೇ ಬಂದವು. ನೀವು ಕಾಂಟ್ರಾಕ್ಟರ್ ಜೊತೆ ಅಂಗಡಿಗೇ ಹೋಗಿ, ಹಾಳೆ ನೋಡಿ, ಬಿಲ್ಲು ನಿಮ್ಮ ಹೆಸರಿಗೇ ಬರೆಸಿ. ಕತ್ತರಿಸಿದ ಒಂದು ತುಂಡು ಇಸ್ಕೊಂಡು ರಾತ್ರಿಯಿಡೀ ನೀರಲ್ಲಿ ಹಾಕಿಡಿ. ಬೆಳಿಗ್ಗೆ ಊದಿ ಪುಡಿಯಾಗಿದ್ದರೆ ಅದು ಏನು ಅಂತ ನಿಮಗೇ ಗೊತ್ತಾಗುತ್ತದೆ.

ಗೋಡೆಗೂ ಒಂದು ಪರೀಕ್ಷೆ ಇದೆ. ಎರಡಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ ನಾಲ್ಕೂ ಕಡೆ ಟೇಪ್ ಹಾಕಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ನೀರು ಬೆವರಿದ್ದರೆ ತೇವ ಗೋಡೆಯೊಳಗಿನದು. ಮಳೆಗಾಲದಲ್ಲೇ ಮಾಡಿ. ಮಾರ್ಚ್ ತಿಂಗಳಲ್ಲಿ ಎಲ್ಲ ಗೋಡೆಯೂ ಸಾಧುವೇ.

ದುಡ್ಡಿನ ಮಾತು. ಕಾಂಟ್ರಾಕ್ಟರ್ ಮೊದಲು "ಮಳೆ ಜಾಸ್ತಿ, ನಾನೇನ್ ಮಾಡ್ಲಿ ಮೇಡಂ" ಅಂದರು. ಆಮೇಲೆ "ನಿಮ್ಮ ಬೊಂಬೆ ಭಾರ" ಅಂದರು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆವು. ಈಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಹಾಕಿದ್ದೇವೆ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ತೊಂದರೆಯಾದ 2 ವರ್ಷದೊಳಗೆ ಹಾಕಬೇಕು. ಯುಪಿಐನಲ್ಲಿ ಕೊಟ್ಟದ್ದಕ್ಕೆ, ವಾಟ್ಸಾಪ್ ಮಾತಿಗೆ ಪುರಾವೆ ಇದೆ. ಆ ಒಂದು ಲಕ್ಷ ನಗದಿಗೆ ಮಾತ್ರ ಒಂದು ಚೀಟಿಯೂ ಇಲ್ಲ. ಅದರ ಬಗ್ಗೆ ಯಜಮಾನರು, ನಾನು ಇನ್ನೂ ಮನೆಯಲ್ಲಿ ಮಾತಾಡುವುದಿಲ್ಲ.

ಗೋಡೆಯನ್ನು ಕೆರೆದು, ಅಂಗಳದ ಸಿಮೆಂಟ್ ಒಡೆಸಿ, ನೀರು ಆಚೆ ಹರಿಯುವ ಹಾಗೆ ಇಳಿಜಾರು ಮಾಡಿಸಿದೆವು. ಬೇಸಿಗೆಯಿಡೀ ಗೋಡೆ ಹಾಗೇ ಒಣಗಿತು. ಆಮೇಲೆ ಸುಣ್ಣದ ಗಾರೆ, ಸುಣ್ಣ. ಪ್ಯಾನೆಲ್ಲಿನ ಮೊಳೆ ತೂತುಗಳು ಇನ್ನೂ ಅಲ್ಲಲ್ಲಿ ಕಾಣುತ್ತವೆ. ಗೂಡು ತೆರೆದಿದೆ. ಅತ್ತೆಯ ಕನ್ನಡಕ ಅಲ್ಲಿಗೇ ವಾಪಸ್ ಹೋಗಿದೆ, ಕೆಮ್ಮು ಕಮ್ಮಿಯಾಗಿದೆ. ಈ ಸಲ ಟ್ರಂಕು, ಬೆಂಚು, ಪಂಚೆಯೇ. ಶೆಟ್ಟರ ತಲೆಯನ್ನು ಯಜಮಾನರು ಎಂ-ಸೀಲ್ ಹಾಕಿ ಕೂರಿಸಿದ್ದಾರೆ. ಸ್ವಲ್ಪ ವಾರೆಯಾಗಿದೆ. ಅಕ್ಕಿ ಬೇಳೆ ಮುಂದಿಟ್ಟುಕೊಂಡು ಶೆಟ್ಟಮ್ಮನ ಕಡೆಗೇ ನೋಡುತ್ತಿರುವ ಹಾಗೆ ಕಾಣುತ್ತದೆ.

"ಹಾಗೇ ಇರಲಿ ಬಿಡು, ಚೆನ್ನಾಗಿದೆ" ಅಂದರು ಅತ್ತೆ.