ನಾಲ್ಕು ಕಡ್ಡಿಯ ಫೀಡರ್: ಎರಡು ಸ್ಟಾರ್, ಅದೂ ಸಜ್ಜೆಯ ಪುಣ್ಯಕ್ಕೆ

ಮೊದಲು ಲೆಕ್ಕ. ಹಕ್ಕಿಗಳಿಗೆ ಕಾಳು ಹಾಕುವ ಪ್ಲಾಸ್ಟಿಕ್ ಫೀಡರ್ 549 ರೂಪಾಯಿ. ಜೊತೆಗೆ ತರಿಸಿದ ‘ವೈಲ್ಡ್ ಬರ್ಡ್ ಮಿಕ್ಸ್’ ಕಾಳು ಒಂದು ಕೆಜಿಗೆ 299. ಒಟ್ಟು 848. ದುಡ್ಡು ಮಗಳದ್ದು, ತಾಪತ್ರಯ ನನ್ನದು.

ಮೂವತ್ತನಾಲ್ಕು ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವನು ನಾನು, ಎಣಿಸದೆ ಯಾವುದನ್ನೂ ನಂಬುವುದಿಲ್ಲ. ಡಿಸೆಂಬರ್ 1ರಿಂದ ಸಂಕ್ರಾಂತಿಯವರೆಗೆ ದಿನಾ ಬೆಳಗ್ಗೆ ಏಳಕ್ಕೆ ಮಫ್ಲರ್ ಸುತ್ತಿಕೊಂಡು, ಹಿತ್ತಿಲ ಮೆಟ್ಟಿಲ ಮೇಲೆ ಕಾಫಿ ಲೋಟ ಇಟ್ಟುಕೊಂಡು ಮುಕ್ಕಾಲು ಗಂಟೆ ಕೂತು, ಯಾವ ಹಕ್ಕಿ ಎಲ್ಲಿ ಏನು ತಿಂದಿತು ಅಂತ ಹಳೇ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಮಳೆ ಹಿಡಿದ ನಾಲ್ಕು ದಿನ ಬಿಟ್ಟರೆ 41 ದಿನದ ದಾಖಲೆ ಇದೆ.

ಮನೆ ಮೈಸೂರಿನ ಕುವೆಂಪುನಗರ. ಹಿತ್ತಿಲಲ್ಲಿ ಒಂದು ಗಸಗಸೆ ಹಣ್ಣಿನ ಮರ, ಒಂದು ನುಗ್ಗೆ, ಎರಡು ಬಾಳೆ, ಕಾಂಪೌಂಡಿನ ಉದ್ದಕ್ಕೂ ದಾಸವಾಳ. ಫೀಡರ್ ತೂಗುಹಾಕಿದ್ದು ನುಗ್ಗೆಗೆ. ಅದೊಂದು ಪಾರದರ್ಶಕ ಕೊಳವೆ. ಮೇಲೆ ಹಸಿರು ಮುಚ್ಚಳ, ಕೆಳಗೆ ತಟ್ಟೆ, ನಡುವೆ ನಾಲ್ಕು ತೂತು, ತೂತಿಗೊಂದು ಕೂರುವ ಕಡ್ಡಿ. ಡಬ್ಬದ ಮೇಲೆ ಹಿಮ ಬಿದ್ದ ತೋಟ, ಅದರಲ್ಲಿ ಕೆಂಪು ಎದೆಯ ರಾಬಿನ್ ಹಕ್ಕಿಯ ಚಿತ್ರ. ಆ ಚಿತ್ರ ನೋಡಿದಾಗಲೇ ನನಗೆ ಸುಳಿವು ಸಿಗಬೇಕಿತ್ತು.

ಮೂರನೇ ದಿನಕ್ಕೆ ಗಿರಾಕಿಗಳು ಬಂದರು. ಪಾರಿವಾಳಗಳು. ಕಡ್ಡಿ ಅವುಗಳ ಮೈಗೆ ಸಾಲದು, ಹಾಗಂತ ಅವು ಬಿಡುತ್ತವೆಯೇ? ಒಂದು ಮುಚ್ಚಳದ ಮೇಲೆ ಹತ್ತಿ ಉಯ್ಯಾಲೆಯಾಡುತ್ತದೆ, ಕಾಳು ಜರಜರ ಉದುರುತ್ತದೆ, ಕೆಳಗೆ ಎಂಟು ಹತ್ತು ಕಾದು ನಿಂತಿರುತ್ತವೆ. ಎಷ್ಟು ಅಚ್ಚುಕಟ್ಟಾದ ವ್ಯವಸ್ಥೆ ಎಂದರೆ ನಮ್ಮ ಬ್ರಾಂಚಿನಲ್ಲೂ ಅಂಥದ್ದು ಇರಲಿಲ್ಲ. ‘ರೀ, ಪಾರಿವಾಳಕ್ಕೆ ಹಾಕೋಕೆ ಇಷ್ಟು ದುಡ್ಡಿನ ಡಬ್ಬ ಬೇಕಿತ್ತಾ? ಅರಮನೆ ಮುಂದೆ ಚೀಲಗಟ್ಟಲೆ ಹಾಕ್ತಿದ್ರಲ್ಲ, ಅಲ್ಲಿಗೇ ಹೋಗಿ ಸುರಿದಿದ್ರೆ ಆಗ್ತಿತ್ತು’ ಎಂದಳು ನಮ್ಮಾಕೆ. ಪಕ್ಕದ ಮನೆಯವರಿಗೆ ಉಬ್ಬಸ. ಪಾರಿವಾಳದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಒಂದು ವಾರವಾದ ಮೇಲೆ ಅಡಿಕೆಯ ಹಳೇ ಜಾಲರಿ ಸುತ್ತಿ ಮುಚ್ಚಳದ ಮೇಲೆ ಕೂರದಂತೆ ಮಾಡಿದೆ. ಅಳಿಲು ಬಂದು ಒಂದು ತೂತಿನ ಅಂಚನ್ನೇ ಕಡಿದು ಅಗಲ ಮಾಡಿತು. ಆಮೇಲೆ ಕಾಳು ಉದುರಿಸಲು ಪಾರಿವಾಳವೂ ಬೇಕಾಗಲಿಲ್ಲ.

ಕೊಳ್ಳುವವರು ಗಮನಿಸಬೇಕಾದ ದೊಡ್ಡ ದೋಷ ತಟ್ಟೆಯದ್ದು. ನೀರು ಬಸಿಯಲು ಅದರಲ್ಲಿ ಒಂದು ತೂತೂ ಇಲ್ಲ. ಡಿಸೆಂಬರ್ ಮೊದಲ ವಾರ ಬಂಗಾಳ ಕೊಲ್ಲಿಯ ಕಡೆಯ ಜಿಟಿಜಿಟಿ ಮಳೆ ಬಂತು. ಮೂರು ದಿನಕ್ಕೆ ತಟ್ಟೆಯ ಕಾಳು ಮುಗ್ಗಿ ನೀಲಿ ಬೂಷ್ಟು ಹಿಡಿಯಿತು. ಬೂಷ್ಟು ಕಾಳು ತಿಂದರೆ ಹಕ್ಕಿಗೆ ಕಾಯಿಲೆ. ಎಲ್ಲವನ್ನೂ ಸುರಿದು, ಬಿಸಿನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ದಬ್ಬಣ ಕಾಯಿಸಿ ತಟ್ಟೆಗೆ ನಾನೇ ಐದು ತೂತು ಹಾಕಿದೆ. 549 ರೂಪಾಯಿ ಇಸಿದುಕೊಂಡವರು ಹಾಕಿ ಕಳಿಸಬಹುದಿತ್ತು.

ಇನ್ನು ಕಾಳು. ಪೊಟ್ಟಣ ಒಡೆದು ಮೊರದಲ್ಲಿ ಹರಡಿ ನೋಡಿದೆ: ಅರ್ಧಕ್ಕಿಂತ ಹೆಚ್ಚು ಸಜ್ಜೆ, ಆಮೇಲೆ ಮುಸುಕಿನ ಜೋಳದ ನುಚ್ಚು, ಒಂದಿಷ್ಟು ನವಣೆ, ಹೆಸರಿಗೆ ಸೂರ್ಯಕಾಂತಿ. ಸೂರ್ಯಕಾಂತಿಗೆ ಮಾತ್ರ ಗಿಳಿಗಳು ಬಂದವು, ಆರು ದಿನ. ಅದು ಖಾಲಿಯಾದದ್ದೇ ತಡ ಬರುವುದನ್ನು ನಿಲ್ಲಿಸಿದವು. ಡೈರಿಯಲ್ಲಿ ಫೀಡರ್ ಕಾಲಂ ಹೀಗಿದೆ: ಪಾರಿವಾಳ 39 ದಿನ, ಅಳಿಲು 37, ಗಿಳಿ 6, ಗುಬ್ಬಚ್ಚಿ 2. ಕಾಳು ತಿನ್ನುವ ಜಾತಿಯೆಂದೇ ಹೆಸರಾದ ರಾಟವಾಳ, ಸೊನ್ನೆ.

ಮಗಳಿಗೆ ಫೋನ್ ಮಾಡಿ ದೂರು ಕೊಟ್ಟೆ. ಅವಳಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ‘ಅಪ್ಪ, ನಮ್ಮಲ್ಲಿ ಇದೇ ಥರದ್ದಕ್ಕೆ ಕ್ಯೂ ನಿಲ್ತಾವೆ’ ಅಂದಳು, ವಿಡಿಯೋದಲ್ಲಿ ತೋರಿಸಿಯೂ ತೋರಿಸಿದಳು. ನಿಜ, ಬ್ಲೂ ಟಿಟ್ ಎಂಬ ನೀಲಿ ಟೋಪಿಯ ಪುಟಾಣಿಗಳು ಮುಗಿಬಿದ್ದಿದ್ದವು. ಯೋಚಿಸಿದರೆ ಕಾರಣ ಅಲ್ಲೇ ಇದೆ. ಅಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಯೂ ಇಲ್ಲ. ಮರ ಬೋಳು, ಹುಳು ಹುಪ್ಪಟೆ ಮಾಯ, ನೆಲ ಹೆಪ್ಪುಗಟ್ಟಿ ಕಲ್ಲು. ಹನ್ನೊಂದು ಗ್ರಾಂ ತೂಗುವ ಹಕ್ಕಿ ಆ ಸಣ್ಣ ಹಗಲಲ್ಲಿ ತಿಂದದ್ದರಿಂದ ಹದಿನಾರು ಗಂಟೆಯ ರಾತ್ರಿ ದಾಟಬೇಕು. ಅಂಥ ಕಡೆ ಕೊಬ್ಬಿನ ಕಾಳು ಜೀವ ಉಳಿಸುತ್ತದೆ. ನಮ್ಮ ಮಾಗಿ ಚಳಿಗೆ ನಡುಗುವವನು ನಾನೊಬ್ಬನೇ, ಹಕ್ಕಿಗಳಿಗೆ ಅದು ಸುಗ್ಗಿ.

ಡೈರಿಯ ಇನ್ನೊಂದು ಕಾಲಂ ತುಂಬಿದ್ದು ಗಸಗಸೆ ಮರದಿಂದ. ಇದು ದಕ್ಷಿಣ ಅಮೆರಿಕದ ಕಡೆಯ ಮರ, ಯಾರೂ ನೆಟ್ಟದ್ದಲ್ಲ, ಯಾವುದೋ ಹಕ್ಕಿಯೇ ಬಿತ್ತಿದ್ದು. ಕೆಂಪಗಾದ ಹಣ್ಣಿಗೆ ಮೊದಲು ಬರುವುದು ಕೆಮ್ಮೀಸೆಯ ಪಿಕಳಾರ, ಜೋಡಿಯಾಗಿ, ಇಡೀ ಬೀದಿಗೆ ಕೇಳುವಂತೆ ಹರಟುತ್ತಾ. ಅವು ಹಣ್ಣನ್ನು ಇಡಿಯಾಗಿ ನುಂಗುತ್ತವೆ. ಹೆಬ್ಬೆರಳಿಗಿಂತ ಚೂರು ದೊಡ್ಡದಿರುವ ಬದನಿಕೆ ಹಕ್ಕಿಗೆ ನುಂಗಲಾಗದು, ಕೊಕ್ಕಿನಲ್ಲಿ ಹಿಸುಕಿ ಹಿಸುಕಿ ತಿರುಳು ಹೀರುತ್ತದೆ. ಆಮೇಲೆ ಕುಟ್ರ, ಕೋಗಿಲೆ. ರಾತ್ರಿ ಬಾವಲಿಗಳ ಪಾಳಿ. ದಾಸವಾಳಕ್ಕೆ ಸೂರಕ್ಕಿ, ಹೂವಿನ ಬಾಯಿಂದ ಇಳಿಯುವ ಸಂಯಮ ಅದಕ್ಕಿಲ್ಲ, ಬುಡದಲ್ಲಿ ಚುಚ್ಚಿ ಮಕರಂದ ಕದಿಯುತ್ತದೆ. ಪೂಜೆಗೆ ಕೀಳುವ ಹೂವಿನ ಬುಡದಲ್ಲೆಲ್ಲ ತೂತು ಏಕೆಂದು ನಮ್ಮಾಕೆ ವರ್ಷಗಟ್ಟಲೆ ಇರುವೆಯನ್ನು ಬೈಯುತ್ತಿದ್ದಳು.

ಅದೇ ದಾಸವಾಳದ ಬೇಲಿಯೊಳಗಿಂದ ಚಳಿಗಾಲ ಪೂರ್ತಿ ‘ಚೆಕ್, ಚೆಕ್’ ಎಂಬ ಸದ್ದು. ಹನ್ನೆರಡು ದಿನ ಕಾದ ಮೇಲೆ ಅರೆ ಕ್ಷಣ ಕಂಡಿತು: ಮಣ್ಣಿನ ಬಣ್ಣದ ಸಣ್ಣ ಹಕ್ಕಿ, ಬ್ಲೈತ್ ರೀಡ್ ವಾರ್ಬ್ಲರ್. ರಷ್ಯಾ ಕಡೆಯಿಂದ ಹಾರಿ ಬಂದು ಏಪ್ರಿಲ್ ಹೊತ್ತಿಗೆ ವಾಪಸು ಹೊರಡುವ ಅತಿಥಿ. ಎಲೆಯ ಕೆಳಗಿನ ಹುಳ, ಜೇಡ ಹೆಕ್ಕುತ್ತಿತ್ತು. ಫೀಡರಿಗೂ ಅದಕ್ಕೂ ಆರು ಅಡಿ ದೂರ, ಒಂದು ದಿನವೂ ತಲೆ ಎತ್ತಿ ನೋಡಲಿಲ್ಲ. ಬೀದಿ ಕೊನೆಯ ಪಾರ್ಕಿನಲ್ಲಿ ಬೂರುಗ ಅರಳಿದಾಗ ಗುಲಾಬಿ ಕಬ್ಬಕ್ಕಿಗಳ ಹಿಂಡೇ ಇಳಿಯಿತು, ತಲೆತುಂಬ ಪರಾಗ ಮೆತ್ತಿಕೊಂಡು. ಅವೂ ಮಧ್ಯ ಏಷ್ಯಾದ ಕಡೆಯವು.

ಫೆಬ್ರುವರಿಯಲ್ಲಿ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ನಾಲ್ಕು ದಿನದ ಎಣಿಕೆ ಇರುತ್ತದೆ, ನಮ್ಮ ದೇಶ 2013ರಿಂದ ಸೇರಿದೆ. ಕನಿಷ್ಠ 15 ನಿಮಿಷ ಕೂತು ಎಣಿಸಿ ಪಟ್ಟಿ ಕಳಿಸಬೇಕು. ಎದುರುಮನೆ ಹುಡುಗ ಹೇಳಿಕೊಟ್ಟ. ನಮ್ಮ ಹಿತ್ತಿಲಲ್ಲಿ 14 ಜಾತಿ ಸಿಕ್ಕವು. ಆ ಹೊತ್ತಿನಲ್ಲಿ ಫೀಡರಿನ ಮೇಲೆ ಇದ್ದದ್ದು ಅಳಿಲು.

ಹಾಗಾದರೆ ಎರಡು ಸ್ಟಾರ್ ಯಾಕೆ? ಪಾರಿವಾಳಗಳು ಕೆದರಿದ ಕಾಳಿನಲ್ಲಿ ಒಂದಿಷ್ಟು ಸಜ್ಜೆ ಡಿಸೆಂಬರಿನ ಆ ಮಳೆಗೆ ಕೊತ್ತಂಬರಿ ಮಡಿಯಲ್ಲಿ ಮೊಳೆತಿತ್ತು. ನಮ್ಮಾಕೆ ಕಳೆ ಎಂದು ಕೀಳಲು ಹೋದಳು, ‘ಇರಲಿ ಬಿಡೇ’ ಎಂದು ತಡೆದೆ. ಫೆಬ್ರುವರಿ ಮಧ್ಯಕ್ಕೆ ಹತ್ತಿಪ್ಪತ್ತು ತೆನೆ ಹಾಲುಗಟ್ಟಿತು. ಒಂದು ಬೆಳಗ್ಗೆ ನೋಡುತ್ತೇನೆ, ರಾಟವಾಳ! ಮೊದಲ ದಿನ ಆರು, ಮೂರನೇ ದಿನ ಹನ್ನೊಂದು. ತೆನೆಯ ಮೇಲೆ ಅಡ್ಡಡ್ಡ ಜೋತುಬಿದ್ದು, ಹಾಲುಗಾಳನ್ನು ಕೊಕ್ಕಿನಲ್ಲಿ ಒತ್ತಿ, ಸಿಪ್ಪೆ ಕೆಳಗೆ ಬಿಡುತ್ತಾ. 299 ರೂಪಾಯಿಯ ಪೊಟ್ಟಣದಲ್ಲಿ ಒಣಗಿದ್ದಾಗ ಮೂಸಿಯೂ ನೋಡದ ಅದೇ ಸಜ್ಜೆ.

ಬಾಲ್ಕನಿ ಮನೆಯವರು ಇದನ್ನು ಕೊಳ್ಳಬೇಡಿ, ಪಾರಿವಾಳ ಸಾಕಿದಂತಾಗುತ್ತದೆ. ಹಿತ್ತಿಲಿದ್ದವರು ಮಿಕ್ಸ್ ಪೊಟ್ಟಣ ಬಿಟ್ಟು ದಿನಸಿ ಅಂಗಡಿಯ ಅರ್ಧ ಕೆಜಿ ಬಿಡಿ ಸಜ್ಜೆ ತಂದು ಮಡಿಗೆ ಚೆಲ್ಲಿ.

ಫೀಡರ್ ಈಗ ಖಾಲಿ ತೂಗುತ್ತಿದೆ, ಜಾಲರಿ ಬಿಚ್ಚಿದ್ದೇನೆ. ಮೊನ್ನೆ ಸಂಜೆ ಒಂದು ಕಾಜಾಣ ಅದರ ಮುಚ್ಚಳದ ಮೇಲೆ ಕೂತು, ಹಾರುವ ಹುಳವನ್ನು ಗಾಳಿಯಲ್ಲೇ ಹಿಡಿದು, ಮತ್ತೆ ಅಲ್ಲಿಗೇ ಬಂದು ನುಂಗಿತು. ಫೀಡರ್ ಕಾಲಮ್ಮಿನಲ್ಲಿ ಬರೆದುಕೊಂಡೆ: ಕಾಜಾಣ, 1.