ಓಲ್ಡ್ ಫ್ರೆಂಡ್ಸ್: ನಿವೃತ್ತ ಗಂಡುಕುದುರೆಗಳ ನೆಲೆಯೊಂದರ ವಿಮರ್ಶೆ

ರೇಸ್‌ನಿಂದ ನಿವೃತ್ತವಾದ ಕುದುರೆಗಳಿಗೆ ಹೊಸ ಮನೆ ಹುಡುಕಿಕೊಡುವ ಸಂಸ್ಥೆಗಳು ಇಂದು ಹಲವು ದೇಶಗಳಲ್ಲಿವೆ. ಆದರೆ ಬೀಜ ತೆಗೆಸದ ಗಂಡುಕುದುರೆಯನ್ನು, ಅದರಲ್ಲೂ ಸ್ಟಡ್ ಫಾರ್ಮಿನಲ್ಲಿ ವರ್ಷಗಟ್ಟಲೆ ತಳಿಗಾಗಿ ದುಡಿದು ಮುದಿಯಾದ ಕುದುರೆಯನ್ನು, ಅದು ಇರುವ ಹಾಗೆಯೇ ಸ್ವೀಕರಿಸಿ ಕೊನೆಯುಸಿರಿನ ತನಕ ಸಾಕುವ ಸಂಸ್ಥೆಗಳು ವಿರಳ. ಅಮೆರಿಕದ ಕೆಂಟಕಿ ರಾಜ್ಯದ ಜಾರ್ಜ್‌ಟೌನ್‌ನಲ್ಲಿರುವ ಓಲ್ಡ್ ಫ್ರೆಂಡ್ಸ್ ಫಾರ್ಮ್ ಅಂಥವುಗಳಲ್ಲಿ ಹೆಸರಾದದ್ದು. ಪ್ರವಾಸಿಗರು ಅಲ್ಲಿಗೆ ಹಳೆಯ ಚಾಂಪಿಯನ್ನುಗಳನ್ನು ಹತ್ತಿರದಿಂದ ನೋಡಲು ಹೋಗುತ್ತಾರೆ, ಸಂತೋಷಪಟ್ಟು ಮರಳುತ್ತಾರೆ. ಆದರೆ ಆ ಸೇವೆಯ ನಿಜವಾದ ಫಲಾನುಭವಿ ಕುದುರೆಯೇ ಆದ್ದರಿಂದ, ಕುದುರೆಗೆ ಅಲ್ಲಿ ಏನು ಸಿಗುತ್ತದೆ ಎಂಬುದನ್ನೇ ಮೊದಲು ನೋಡಬೇಕು.

ಗಂಡುಕುದುರೆಯನ್ನು ಸಾಕುವುದು ಏಕೆ ಕಷ್ಟ ಎಂಬುದು ತಿಳಿಯದೆ ಈ ಫಾರ್ಮಿನ ಬೆಲೆ ತಿಳಿಯುವುದಿಲ್ಲ. ಬೀಜ ತೆಗೆಸಿದ ಕುದುರೆಗಳನ್ನು ಒಂದೇ ಹುಲ್ಲುಗಾವಲಿನಲ್ಲಿ ಗುಂಪಾಗಿ ಬಿಡಬಹುದು, ಸವಾರಿ ಕಲಿಯುವವರ ಕೈಗೂ ಕೊಡಬಹುದು. ಗಂಡುಕುದುರೆಗೆ ಹಾಗಲ್ಲ. ಅದಕ್ಕೆ ಪ್ರತ್ಯೇಕ ಪ್ಯಾಡಾಕ್ (ಬೇಲಿ ಹಾಕಿದ ಮೇವಿನ ಜಾಗ) ಬೇಕು, ಎತ್ತರದ ಭದ್ರವಾದ ಬೇಲಿ ಬೇಕು, ಅದರ ಸ್ವಭಾವ ಅರಿತ ಕೆಲಸಗಾರ ಬೇಕು. ರೇಸ್‌ಗೆ ಹೆಸರಾದ ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಯನ್ನು ನೋಂದಣಿ ಮಾಡುವುದಿಲ್ಲವಾದ್ದರಿಂದ ಗಂಡುಕುದುರೆಯೇ ಖುದ್ದಾಗಿ ಹೆಣ್ಣುಕುದುರೆಗಳಿರುವ ಕಡೆ ಇರಬೇಕಾಗುತ್ತದೆ. ಈ ಒಂದು ನಿಯಮದಿಂದಾಗಿಯೇ ಹೆಸರಾಂತ ಕುದುರೆಗಳು ಅಮೆರಿಕದಿಂದ ಜಪಾನಿಗೆ, ಐರ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ವಿಮಾನದಲ್ಲಿ ಸಾಗುತ್ತವೆ. ಬೇಡಿಕೆ ಇರುವ ತನಕ ಅವುಗಳಿಗೆ ರಾಜೋಪಚಾರ ನಡೆಯುತ್ತದೆ. ಮರಿಗಳು ರೇಸ್‌ಗಳಲ್ಲಿ ಗೆಲ್ಲದೆ ಹೋದರೆ ಅಥವಾ ವಯಸ್ಸಾಗಿ ಫಲವತ್ತತೆ ಇಳಿದರೆ, ಹುಟ್ಟಿದ ನೆಲದಿಂದ ಸಾವಿರಾರು ಮೈಲು ದೂರದಲ್ಲಿ ಅವು ಯಾರಿಗೂ ಬೇಡವಾಗುತ್ತವೆ.

ಫರ್ಡಿನಾಂಡ್‌ಗೆ ಆದದ್ದು ಇದೇ. ಹೆಸರಾಂತ ರೇಸ್ ಕೆಂಟಕಿ ಡರ್ಬಿಯನ್ನು 1986ರಲ್ಲಿ ಗೆದ್ದ, 1987ರಲ್ಲಿ ಅಮೆರಿಕದ ವರ್ಷದ ಕುದುರೆ ಎಂಬ ಗೌರವ ಪಡೆದ ಈ ಕೆಂಗಂದು ಕುದುರೆಯನ್ನು 1994ರಲ್ಲಿ ತಳಿಗಾಗಿ ಜಪಾನಿಗೆ ಮಾರಲಾಯಿತು. ಅಲ್ಲಿ ಅದಕ್ಕೆ ಬೇಡಿಕೆ ಕುಸಿದ ಮೇಲೆ 2002ರಲ್ಲಿ ಕಸಾಯಿಖಾನೆಯಲ್ಲಿ ಅದರ ಬದುಕು ಮುಗಿಯಿತೆಂಬ ಸುದ್ದಿ ಮರುವರ್ಷ ಹೊರಬಿತ್ತು. ಅದಕ್ಕೂ ಮೊದಲು, 1978ರಲ್ಲಿ ಸಿಯಾಟಲ್ ಸ್ಲೂ ಮತ್ತು ಅಫರ್ಮ್ಡ್ ಎಂಬ ಎರಡು ಟ್ರಿಪಲ್ ಕ್ರೌನ್ (ಒಂದೇ ವರ್ಷ ಕೆಂಟಕಿ ಡರ್ಬಿ, ಪ್ರೀಕ್ನೆಸ್, ಬೆಲ್ಮಾಂಟ್ ಮೂರೂ ರೇಸ್ ಗೆಲ್ಲುವ ಗೌರವ) ವಿಜೇತರನ್ನು ಒಂದೇ ರೇಸ್‌ನಲ್ಲಿ ಹಿಂದಿಕ್ಕಿದ ಎಕ್ಸೆಲರ್ ಕೂಡ 1997ರಲ್ಲಿ ಸ್ವೀಡನ್ನಿನಲ್ಲಿ ಹೀಗೆಯೇ ಕೊನೆಗೊಂಡಿತ್ತು. ಬಾಸ್ಟನ್ ಗ್ಲೋಬ್ ಪತ್ರಿಕೆಯಲ್ಲಿ ಚಲನಚಿತ್ರ ವಿಮರ್ಶಕರಾಗಿದ್ದ ಮೈಕಲ್ ಬ್ಲೋವೆನ್ 2003ರಲ್ಲಿ ಓಲ್ಡ್ ಫ್ರೆಂಡ್ಸ್ ಸ್ಥಾಪಿಸಿದಾಗ ರೇಸ್ ಲೋಕ ಫರ್ಡಿನಾಂಡ್‌ನ ಸುದ್ದಿಯಿಂದ ಇನ್ನೂ ಚೇತರಿಸಿಕೊಂಡಿರಲಿಲ್ಲ. ವಿದೇಶದಲ್ಲಿ ಉಳಿದುಹೋದ ಗಂಡುಕುದುರೆಗಳನ್ನು ಮರಳಿ ತರುವುದನ್ನೇ ಈ ಸಂಸ್ಥೆ ಆರಂಭದಿಂದ ತನ್ನ ಮುಖ್ಯ ಕೆಲಸಗಳಲ್ಲಿ ಒಂದಾಗಿ ಇಟ್ಟುಕೊಂಡಿತು. 2004ರಲ್ಲೇ ಸನ್‌ಶೈನ್ ಫಾರೆವರ್ ಎಂಬ ಗಂಡುಕುದುರೆ ಜಪಾನಿನಿಂದ ಬಂದಿತು.

ಇಂದು 236 ಎಕರೆಯ ಈ ನೆಲೆಯೂ ಇದರ ಅಂಗಸಂಸ್ಥೆಯೂ ಸೇರಿ 200ಕ್ಕೂ ಹೆಚ್ಚು ಕುದುರೆಗಳ ಹೊಣೆ ಹೊತ್ತಿವೆ. ಮುಂಚಿತವಾಗಿ ಕಾಯ್ದಿರಿಸಿಕೊಂಡು ಬಂದ ಸಂದರ್ಶಕರನ್ನು ಮಾರ್ಗದರ್ಶಕರು ಪ್ಯಾಡಾಕ್‌ಗಳ ನಡುವಿನ ಹಾದಿಯಲ್ಲಿ ನಡೆಸಿಕೊಂಡು ಹೋಗುತ್ತಾರೆ. ಮಾರ್ಗದರ್ಶಕರ ಕೈಯಲ್ಲಿ ಕ್ಯಾರೆಟ್ ತುಂಡುಗಳ ಬಕೆಟ್ ಇರುತ್ತದೆ, ಆ ಬಕೆಟ್ಟಿನ ಸದ್ದು ಕೇಳಿದೊಡನೆ ದೂರದಲ್ಲಿ ಮೇಯುತ್ತಿದ್ದ ಕುದುರೆ ತಲೆ ಎತ್ತಿ ಬೇಲಿಯ ಕಡೆ ಹೆಜ್ಜೆ ಹಾಕುತ್ತದೆ. ಬೆರಳುಗಳನ್ನು ಬಿಗಿಯಾಗಿ ಕೂಡಿಸಿ ಅಂಗೈ ಚಾಚಿದರೆ, ಮುದಿ ಕುದುರೆ ಮೊದಲು ಮೇಲ್ದುಟಿಯಿಂದ ತಡಕಿ, ಮುಳ್ಳಿನಂಥ ಒರಟು ಕೂದಲನ್ನು ಅಂಗೈಗೆ ಸವರಿ, ಆಮೇಲೆ ತುಂಡನ್ನು ಒಳಗೆ ಎಳೆದುಕೊಳ್ಳುತ್ತದೆ. ಅಷ್ಟು ಹತ್ತಿರದಿಂದ ನೋಡಿದಾಗ ಮುಪ್ಪಿನ ಗುರುತುಗಳೆಲ್ಲ ಕಾಣುತ್ತವೆ: ಕಣ್ಣಿನ ಮೇಲ್ಭಾಗದ ಆಳವಾದ ಗುಳಿ, ಇಳಿಬಿದ್ದ ಬೆನ್ನು, ಅಗಿದು ಮುಗಿಸಲು ಹಿಡಿಯುವ ಹೊತ್ತು. ಹಲ್ಲು ಸವೆದ ಕುದುರೆಗೆ ಒಣ ಮೇವು ಕಷ್ಟವಾದ್ದರಿಂದ ಇಂಥ ವಯಸ್ಸಿನವುಗಳಿಗೆ ನೆನೆಸಿ ಮೆತ್ತಗೆ ಮಾಡಿದ ಆಹಾರ ಬೇಕಾಗುತ್ತದೆ. ಸಾಕುವ ಖರ್ಚು ವಯಸ್ಸಿನೊಂದಿಗೆ ಏರುವುದಕ್ಕೆ ಇದೂ ಒಂದು ಕಾರಣ.

ಕುದುರೆ ತುಟಿ ಮೇಲೆತ್ತಿದಾಗ ಅದರ ಒಳಬದಿಯಲ್ಲಿ ಮಸುಕಾದ ಹಚ್ಚೆಯೊಂದು ಒಮ್ಮೊಮ್ಮೆ ಕಣ್ಣಿಗೆ ಬೀಳುತ್ತದೆ. ಅಮೆರಿಕದಲ್ಲಿ ಓಡಿದ ಹಳೆಯ ಥರೋಬ್ರೆಡ್‌ಗಳಿಗೆ ಹಾಕುತ್ತಿದ್ದ ಗುರುತಿನ ಸಂಖ್ಯೆ ಅದು, ಅದರ ಮೊದಲ ಅಕ್ಷರ ಹುಟ್ಟಿದ ವರ್ಷವನ್ನು ಸೂಚಿಸುತ್ತದೆ. 2017ರಿಂದ ಹುಟ್ಟಿದ ಮರಿಗಳ ನೋಂದಣಿಗೆ ಮೈಕ್ರೋಚಿಪ್ ಕಡ್ಡಾಯವಾಗಿದೆ. ಕೈ ಬದಲಾಗುತ್ತ ಹೋಗಿ ಹರಾಜಿನಲ್ಲಿ ಹೆಸರಿಲ್ಲದೆ ನಿಂತ ಕುದುರೆ ಯಾವುದೆಂದು ಪತ್ತೆಹಚ್ಚಲು, ಅದನ್ನು ಸಾಕಿದವರಿಗೆ ಸುದ್ದಿ ಮುಟ್ಟಿಸಲು ಈ ಗುರುತುಗಳೇ ಆಧಾರ.

ಈ ಫಾರ್ಮಿನ ಅತ್ಯಂತ ಪ್ರಸಿದ್ಧ ನಿವಾಸಿ ಸಿಲ್ವರ್ ಚಾರ್ಮ್. 1997ರಲ್ಲಿ ಕೆಂಟಕಿ ಡರ್ಬಿ ಮತ್ತು ಪ್ರೀಕ್ನೆಸ್ ಎರಡನ್ನೂ ಗೆದ್ದ ಈ ಬೂದುಬಣ್ಣದ ಕುದುರೆಯನ್ನು ಬೆಲ್ಮಾಂಟ್‌ನಲ್ಲಿ ಸೋಲಿಸಿ ಟ್ರಿಪಲ್ ಕ್ರೌನ್ ತಪ್ಪಿಸಿದ್ದು ಟಚ್ ಗೋಲ್ಡ್. ತಳಿಯ ಕೆಲಸ ಮುಗಿಸಿದ ಮೇಲೆ ಎರಡೂ ಇದೇ ನೆಲದಲ್ಲಿ ನೆರೆಹೊರೆಯಾದವು ಎಂಬುದು ರೇಸ್ ಪ್ರಿಯರನ್ನು ಇಲ್ಲಿಗೆ ಸೆಳೆಯುವ ಸಂಗತಿ. ಆದರೆ ಸಿಲ್ವರ್ ಚಾರ್ಮ್ ಇಲ್ಲಿಗೆ ಬಂದ ಬಗೆ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಅದನ್ನು ಜಪಾನಿಗೆ ಕೊಡುವಾಗಲೇ, ತಳಿಯ ಕೆಲಸ ಮುಗಿದ ನಂತರ ಸ್ವದೇಶಕ್ಕೆ ಮರಳಿಸಬೇಕೆಂಬ ಒಪ್ಪಂದವಾಗಿತ್ತು. ಅದರಂತೆ 2014ರ ಡಿಸೆಂಬರ್‌ನಲ್ಲಿ ಅದು ಕೆಂಟಕಿಗೆ ಮರಳಿತು, 2024ರಲ್ಲಿ ಅಲ್ಲಿಯೇ 30 ವರ್ಷ ಪೂರೈಸಿತು. ಫರ್ಡಿನಾಂಡ್‌ಗೂ ಸಿಲ್ವರ್ ಚಾರ್ಮ್‌ಗೂ ಯೋಗ್ಯತೆಯಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಒಂದರ ವಿಷಯದಲ್ಲಿ ಮುಂದೇನು ಎಂದು ಮಾರುವ ಹೊತ್ತಿಗೇ ಯೋಚಿಸಿದ್ದರು, ಇನ್ನೊಂದರ ವಿಷಯದಲ್ಲಿ ಯೋಚಿಸಿರಲಿಲ್ಲ. ಓಲ್ಡ್ ಫ್ರೆಂಡ್ಸ್‌ನಂಥ ನೆಲೆಯೊಂದು ಕಣ್ಣೆದುರಿಗಿದ್ದರೆ ಮಾಲೀಕರು ಅಂಥ ಷರತ್ತನ್ನು ಬರೆಯಿಸಲು ಧೈರ್ಯ ಮಾಡುತ್ತಾರೆ, ಏಕೆಂದರೆ ಮರಳಿ ಬಂದ ಗಂಡುಕುದುರೆಯನ್ನು ಎಲ್ಲಿ ಇಡುವುದು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿರುತ್ತದೆ. ಈ ಸಂಸ್ಥೆಯ ಅತಿ ದೊಡ್ಡ ಸೇವೆ ಇದೇ ಎಂದು ನನ್ನ ಖಚಿತ ಅಭಿಪ್ರಾಯ.

ಮರಳಿ ತರುವುದು ಸುಲಭದ ಮಾತಲ್ಲ. ಕುದುರೆಗಳಲ್ಲಿ ಕೂಡುವಿಕೆಯಿಂದ ಹರಡುವ, ಹೆಣ್ಣುಕುದುರೆಯ ಗರ್ಭಕೋಶದ ಸೋಂಕಿಗೆ ಕಾರಣವಾಗುವ ಬ್ಯಾಕ್ಟೀರಿಯಾ ಒಂದಿದೆ. ಅದರ ಭಯವಿರುವ ದೇಶಗಳಿಂದ ಬರುವ ಗಂಡುಕುದುರೆಯನ್ನು ಅಮೆರಿಕದಲ್ಲಿ ಕ್ವಾರಂಟೈನ್‌ನಲ್ಲಿಟ್ಟು, ಪರೀಕ್ಷೆಗೆಂದೇ ಇಟ್ಟ ಹೆಣ್ಣುಕುದುರೆಗಳೊಂದಿಗೆ ಕೂಡಿಸಿ, ಅವುಗಳಿಗೆ ಸೋಂಕು ತಗುಲಿಲ್ಲವೆಂದು ಖಚಿತಪಡಿಸಿಕೊಂಡ ಮೇಲಷ್ಟೇ ಹೊರಗೆ ಬಿಡುತ್ತಾರೆ. 2002ರ ಡರ್ಬಿ ವಿಜೇತ ವಾರ್ ಎಂಬ್ಲಮ್ ಸಿಕ್ಕಿಬಿದ್ದದ್ದು ಇಲ್ಲಿಯೇ. ಜಪಾನಿನಲ್ಲಿ 1995ರಿಂದ ಸತತ 13 ವರ್ಷ, ಸತ್ತ ನಂತರವೂ ಮರಿಗಳ ಗೆಲುವಿನಿಂದಾಗಿ, ಅಗ್ರ ತಳಿಕುದುರೆಯೆನಿಸಿದ ಸಂಡೇ ಸೈಲೆನ್ಸ್ 2002ರಲ್ಲಿ ಸತ್ತಾಗ ಅದರ ಸ್ಥಾನ ತುಂಬಲೆಂದು ಭಾರೀ ಮೊತ್ತಕ್ಕೆ ಕೊಂಡ ಈ ಕುದುರೆಗೆ ಹೆಣ್ಣುಕುದುರೆಗಳಲ್ಲಿ ಆಸಕ್ತಿಯೇ ಇರಲಿಲ್ಲ, ಅದರಿಂದ ಹುಟ್ಟಿದ ಮರಿಗಳೂ ಕಡಿಮೆ. ಮರಳಿ ಬಂದಾಗಲೂ ಪರೀಕ್ಷೆಯ ಹೆಣ್ಣುಕುದುರೆಗಳ ಬಳಿ ಅದು ಸುಳಿಯಲಿಲ್ಲವಾದ್ದರಿಂದ, ಕೊನೆಗೆ ಬೀಜ ತೆಗೆಸಿಯೇ ನಿಯಮ ಪೂರೈಸಬೇಕಾಯಿತು. ಓಲ್ಡ್ ಫ್ರೆಂಡ್ಸ್ ಅದನ್ನು ಅದರ ಸಿಡುಕಿನೊಂದಿಗೇ ಇಟ್ಟುಕೊಂಡು 2020ರ ಮಾರ್ಚ್‌ನಲ್ಲಿ ಅದು ಸಾಯುವ ತನಕ ಸಾಕಿತು. ಗೆಲುವಿನ ದಾಖಲೆಗೂ ತಳಿಯ ಯಶಸ್ಸಿಗೂ ಸಂಬಂಧ ಕಲ್ಪಿಸದೆ, ಕುದುರೆ ಎಂಬ ಒಂದೇ ಕಾರಣಕ್ಕೆ ಅದಕ್ಕೆ ನೆಲೆ ಕೊಟ್ಟದ್ದನ್ನು ನಾನು ಮನಃಪೂರ್ವಕವಾಗಿ ಮೆಚ್ಚುತ್ತೇನೆ.

ಇನ್ನು ಮಿತಿಗಳ ವಿಚಾರ. ಇದು ದಾನದ ಹಣದಿಂದ ನಡೆಯುವ ಸಂಸ್ಥೆ. ಕುದುರೆ 25ರಿಂದ 30 ವರ್ಷ ಬದುಕಬಹುದಾದ್ದರಿಂದ ಒಮ್ಮೆ ತುಂಬಿದ ಪ್ಯಾಡಾಕ್ ಬಹಳ ಕಾಲ ಖಾಲಿಯಾಗುವುದಿಲ್ಲ, ಹೀಗಾಗಿ ಬಂದ ಕೋರಿಕೆಯನ್ನೆಲ್ಲ ಒಪ್ಪಿಕೊಳ್ಳುವುದು ಯಾವ ಫಾರ್ಮಿಗೂ ಆಗದ ಮಾತು. ನಾಲ್ಕೈದು ವರ್ಷಕ್ಕೇ ಓಟ ನಿಲ್ಲಿಸಿದ, ಗಟ್ಟಿಮುಟ್ಟಾಗಿರುವ ಕುದುರೆಗೆ ಇದು ತಕ್ಕ ಜಾಗವೂ ಅಲ್ಲ. ಅಂಥದಕ್ಕೆ ಹೊಸ ಕೆಲಸ ಕಲಿಸಿ ಸವಾರರಿಗೆ ಒಪ್ಪಿಸುವುದೇ ಒಳ್ಳೆಯದು. ಬ್ರಿಟನ್ನಿನಲ್ಲಿ 2000ದಿಂದ ರೀಟ್ರೈನಿಂಗ್ ಆಫ್ ರೇಸ್‌ಹಾರ್ಸಸ್ ಎಂಬ ಸಂಸ್ಥೆ ಈ ಕೆಲಸ ಮಾಡುತ್ತಿದೆ. ಅಮೆರಿಕದಲ್ಲಿ ರಿಟೈರ್ಡ್ ರೇಸ್‌ಹಾರ್ಸ್ ಪ್ರಾಜೆಕ್ಟ್ ನಡೆಸುವ ಸ್ಪರ್ಧೆಯಲ್ಲಿ, ಓಡುವುದನ್ನಷ್ಟೇ ಕಲಿತಿದ್ದ ಕುದುರೆಗಳು ತಿಂಗಳುಗಳ ತರಬೇತಿಯ ಬಳಿಕ ಜಿಗಿತ, ಡ್ರೆಸಾಜ್ (ಸವಾರರ ಸೂಚನೆಯಂತೆ ಅಚ್ಚುಕಟ್ಟಾಗಿ ಹೆಜ್ಜೆ ಇಡುವ ಸ್ಪರ್ಧೆ), ಪೋಲೋ ಮುಂತಾದವುಗಳಲ್ಲಿ ಭಾಗವಹಿಸುತ್ತವೆ. ಕುದುರೆಯನ್ನು ಬಿಟ್ಟುಕೊಡಲು ಸಂಸ್ಥೆ ಹುಡುಕುವ ಮಾಲೀಕರು, ಇಂಥ ಸಂಸ್ಥೆಗಳನ್ನು ಪರಿಶೀಲಿಸಿ ಮಾನ್ಯತೆ ಕೊಡಲು 2012ರಲ್ಲಿ ಸ್ಥಾಪನೆಯಾದ ಥರೋಬ್ರೆಡ್ ಆಫ್ಟರ್‌ಕೇರ್ ಅಲೈಯನ್ಸ್‌ನ ಮಾನ್ಯತೆ ಅದಕ್ಕಿದೆಯೇ ಎಂದು ಮೊದಲು ನೋಡಿಕೊಳ್ಳುವುದು ಕ್ಷೇಮ. ಓಲ್ಡ್ ಫ್ರೆಂಡ್ಸ್‌ಗೆ ಆ ಮಾನ್ಯತೆ ಇದೆ.

ಸ್ಥಾಪಕರು ಹಿಂದೆ ಸರಿದ ಮೇಲೆ ಇಂಥ ಸಂಸ್ಥೆಗಳು ಸೊರಗುವ ಅಪಾಯವಿರುತ್ತದೆ. 2024ರಲ್ಲಿ ಬ್ಲೋವೆನ್ ನಿವೃತ್ತರಾದಾಗ ಹೊಣೆ ಹೋದದ್ದು ಕೆಂಟಕಿ ಹಾರ್ಸ್ ಪಾರ್ಕ್ ಅನ್ನು ನಡೆಸಿ ಅನುಭವವಿದ್ದ ಜಾನ್ ನಿಕಲ್ಸನ್ ಅವರ ಕೈಗೆ. ಒಬ್ಬ ವ್ಯಕ್ತಿಯ ಪ್ರೀತಿಯಿಂದ ಹುಟ್ಟಿದ ಫಾರ್ಮ್ ಆ ವ್ಯಕ್ತಿಯ ನಂತರವೂ ನಡೆಯುವ ವ್ಯವಸ್ಥೆಯಾಗಿದೆ ಎಂಬ ಭರವಸೆ ಇದರಿಂದ ಮೂಡುತ್ತದೆ.

ನೋಡಲು ಹೋಗುವವರು ಹುಲ್ಲಿನ ಮೇಲೆ ನಡೆಯಲು ಅನುಕೂಲವಾದ ಶೂ ಹಾಕಿಕೊಳ್ಳಲಿ, ಮಕ್ಕಳ ಕೈ ಬಿಡದಿರಲಿ. ವಯಸ್ಸಾದರೂ ಗಂಡುಕುದುರೆ ಕಚ್ಚುವ ಅಭ್ಯಾಸ ಬಿಡುವುದಿಲ್ಲವಾದ್ದರಿಂದ ಯಾವ ಕುದುರೆಗೆ ಕೈಯಿಂದ ತಿನ್ನಿಸಬಹುದು, ಯಾವುದರಿಂದ ದೂರ ನಿಲ್ಲಬೇಕು ಎಂಬುದನ್ನು ಮಾರ್ಗದರ್ಶಕರನ್ನು ಕೇಳಿಯೇ ಮುಂದುವರಿಯಬೇಕು. ಹೆಸರಾಂತ ಕುದುರೆಗಳ ಮುಂದೆ ಜನ ಸಹಜವಾಗಿಯೇ ಹೆಚ್ಚು ಹೊತ್ತು ನಿಲ್ಲುತ್ತಾರೆ. ಸಮಯವಿದ್ದರೆ, ದೊಡ್ಡ ರೇಸ್ ಒಂದನ್ನೂ ಗೆಲ್ಲದ ಕುದುರೆಗಳ ಪ್ಯಾಡಾಕ್‌ಗಳ ಬಳಿಯೂ ನಿಂತು ಅವು ಎಲ್ಲಿಂದ, ಹೇಗೆ ಬಂದವೆಂದು ವಿಚಾರಿಸಿ. ಮಾರ್ಗದರ್ಶಕರು ಆ ಕತೆಗಳನ್ನೂ ಅಷ್ಟೇ ಅಕ್ಕರೆಯಿಂದ ಹೇಳುತ್ತಾರೆ.